ದೊಡ್ಡಣ್ಣ, ಪೊಲೀಸ್, ಮೇಷ್ಟ್ರು: ಕೊಡಗಿನ ಒಂದು ಚರ್ಚಾ ತಂಡದ ಪ್ರಕರಣ

ನಮ್ಮ ಪತ್ರಿಕೆಗಳಲ್ಲಿ, ಟಿವಿಯಲ್ಲಿ ಅಮೆರಿಕಕ್ಕೆ ಒಂದು ಅಡ್ಡಹೆಸರಿದೆ: ದೊಡ್ಡಣ್ಣ. ಚೀನಾ ಅಂದರೆ ಡ್ರ್ಯಾಗನ್. ಎಲ್ಲೋ ಒಂದು ಸಣ್ಣ ದೇಶದ ಮೇಲೆ ಬಾಂಬ್ ಬಿದ್ದರೆ ದೊಡ್ಡಣ್ಣ ಗರಂ ಆಗಿದ್ದಾನೆ, ತಕ್ಕ ಪಾಠ ಕಲಿಸಿದ್ದಾನೆ. ಓದುತ್ತೇವೆ, ಪುಟ ತಿರುಗಿಸುತ್ತೇವೆ. ಆದರೆ ಅಣ್ಣ ಅಂದ ಕೂಡಲೇ ಒಂದು ಮನೆ ಕಣ್ಣಮುಂದೆ ಬರುತ್ತದೆ. ಅಲ್ಲಿ ತಮ್ಮಂದಿರಿರುತ್ತಾರೆ, ಅಣ್ಣ ಗದರಬಹುದು, ಒಂದೇಟು ಹಾಕಲೂಬಹುದು, ಅದು ಅವನ ಹಕ್ಕಷ್ಟೇ ಅಲ್ಲ, ಜವಾಬ್ದಾರಿ ಅಂತಲೂ ಅನಿಸಿಬಿಡುತ್ತದೆ. ಯಾರೂ ವಾದ ಮಾಡಿಲ್ಲ, ಸಾಕ್ಷಿ ಕೊಟ್ಟಿಲ್ಲ. ಆದರೂ ಅರ್ಧ ತೀರ್ಪು ಆಗಿಹೋಗಿರುತ್ತದೆ.

ಕೊಡಗಿನ ಒಂದು ಪದವಿ ಕಾಲೇಜಿನಲ್ಲಿ ಈ ವಿಷಯ ಹೇಗೆ ಎದುರಾಯಿತು, ಅಲ್ಲಿನ ರಾಜ್ಯಶಾಸ್ತ್ರದ ಉಪನ್ಯಾಸಕಿ ಏನೇನು ಮಾಡಿ ನೋಡಿದರು, ಯಾವುದು ಕೈಕೊಟ್ಟಿತು, ಯಾವುದು ಹಿಡಿಯಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಊರು, ಕಾಲೇಜು, ಜನರ ಹೆಸರು ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ನಾನು ಆ ಕಾಲೇಜಿನವನಲ್ಲ, ಚರ್ಚಾ ತಂಡಕ್ಕೆ ಹೊರಗಿನಿಂದ ಹೋಗಿ ಕೈಜೋಡಿಸುತ್ತಿದ್ದವನು.

ಹಿನ್ನೆಲೆ

ಕಾಲೇಜು ಇರುವುದು ಕಾಫಿ ತೋಟಗಳ ನಡುವೆ. ತರಗತಿಯಲ್ಲಿ ಕೊಡವ ಮನೆಗಳ ಮಕ್ಕಳು, ಅರೆಭಾಷೆ ಗೌಡರ ಮಕ್ಕಳು, ಮನೆಯಲ್ಲಿ ಮಲಯಾಳ ಅಥವಾ ತುಳು ಮಾತಾಡುವವರು, ಜೊತೆಗೆ ತೋಟದ ಕೂಲಿ ಕಾರ್ಮಿಕರ ಸಾಲುಮನೆಗಳಿಂದ, ಅಂದರೆ ಲೈನ್ ಮನೆಗಳಿಂದ ಬರುವವರು. ಎಲ್ಲರೂ ಸೇರಿದಾಗ ಆಡುವುದು ಕನ್ನಡ. ಸೈನ್ಯದ ನಂಟು ಇಲ್ಲದ ಬೆಂಚು ಸಿಗುವುದು ಕಷ್ಟ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಈ ಮಕ್ಕಳಿಗೆ ಪಠ್ಯದ ಹೆಸರುಗಳಲ್ಲ, ಮನೆಮಾತು. ತಿಮ್ಮಯ್ಯನವರು 1953ರಲ್ಲಿ ಕೊರಿಯಾ ಯುದ್ಧದ ಕೈದಿಗಳ ಭವಿಷ್ಯ ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದರು. 1965ರಲ್ಲಿ ತೀರಿಕೊಂಡಾಗ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರಾಗಿದ್ದರು. ಮಡಿಕೇರಿಯಲ್ಲಿ ಅವರು ಬೆಳೆದ ಸನ್ನಿಸೈಡ್ ಮನೆ ಈಗ ಮ್ಯೂಸಿಯಂ. ಅಂದರೆ ಬೇರೆ ದೇಶದ ಜಗಳದಲ್ಲಿ ಯಾರು ಕೈಹಾಕಬೇಕು, ಯಾಕೆ ಹಾಕಬೇಕು ಅನ್ನುವುದು ಈ ಊರಿಗೆ ದೂರದ ಪ್ರಶ್ನೆಯಲ್ಲ.

ಅಂತರ ಕಾಲೇಜು ಸ್ಪರ್ಧೆಗೆ ವಿಷಯ ಬಂದಿತ್ತು: ಬಲಿಷ್ಠ ರಾಷ್ಟ್ರವೊಂದು ಇನ್ನೊಂದು ದೇಶಕ್ಕೆ ಸೈನ್ಯ ಕಳಿಸುವುದು ಸರಿಯೇ. ಪರ ಮೂವರು, ವಿರೋಧ ಮೂವರು.

ತೊಡಕು

ಅಭ್ಯಾಸದ ಮೊದಲ ಸುತ್ತನ್ನು ಉಪನ್ಯಾಸಕಿ ಫೋನಿನಲ್ಲಿ ರೆಕಾರ್ಡ್ ಮಾಡಿದರು. ಆಮೇಲೆ ಕೂತು ಕೇಳಿದೆವು. ಮಕ್ಕಳು ಚೆನ್ನಾಗಿ ಮಾತಾಡಿದ್ದರು, ತಡವರಿಕೆ ಇಲ್ಲ, ಗಂಟಲು ಗಟ್ಟಿ. ಆದರೆ ಪರ ಅಂದವರು ಅಮೆರಿಕವನ್ನು ಪೊಲೀಸ್ ಅಂದರು, ಮನೆಯ ಹಿರಿಯ ಅಂದರು, ರೋಗಕ್ಕೆ ಆಪರೇಷನ್ ಮಾಡುವ ಡಾಕ್ಟರ್ ಅಂದರು. ವಿರೋಧ ಅಂದವರು ರೌಡಿ ಅಂದರು, ಆಕ್ಟೋಪಸ್ ಅಂದರು, ಕುರಿ ಕಾಯಲು ಬಂದ ತೋಳ ಅಂದರು. ಇಸವಿ ಒಂದೂ ಇಲ್ಲ. ಯಾವ ದೇಶಕ್ಕೆ, ಯಾವಾಗ, ಯಾರ ಒಪ್ಪಿಗೆ ಪಡೆದು, ಎಷ್ಟು ದಿನಕ್ಕೆ ಹೋದರು, ಸತ್ತವರು ಯಾರು, ಇದು ಯಾವುದೂ ಇಲ್ಲ. ಪೊಲೀಸ್ ಬೇಕಾ ಬೇಡವಾ ಅಂತ ಒಂದು ಕಡೆ, ರೌಡಿ ಬೇಕಾ ಬೇಡವಾ ಅಂತ ಇನ್ನೊಂದು ಕಡೆ. ಇಬ್ಬರೂ ಬೇರೆ ಬೇರೆ ಸಿನಿಮಾ ನೋಡಿ ಬಂದು ಜಗಳ ಆಡುತ್ತಿದ್ದಂತಿತ್ತು.

ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ದೊಡ್ಡ ದೇಶಗಳ ನಾಯಕರೇ ಹೀಗೆ ಮಾತಾಡಿದ್ದಾರೆ, ಬೇಕೆಂದೇ ಮಾತಾಡಿದ್ದಾರೆ. ಭಾಷಾವಿಜ್ಞಾನಿ ಜಾರ್ಜ್ ಲೇಕಾಫ್ 1991ರ ಕೊಲ್ಲಿ ಯುದ್ಧದ ಹೊತ್ತಿನಲ್ಲಿ ಇದನ್ನು ಬಿಡಿಸಿ ಬರೆದಿದ್ದರು: ದೇಶವನ್ನು ಒಬ್ಬ ಮನುಷ್ಯ ಅಂತ ಕಾಣು, ಅವನನ್ನು ಕಥೆಯ ವಿಲನ್ ಮಾಡು, ಪಕ್ಕದವನನ್ನು ನೊಂದವನನ್ನಾಗಿ ಮಾಡು, ಆಗ ಹೀರೋ ಜಾಗ ತಾನಾಗಿ ಖಾಲಿ ಬೀಳುತ್ತದೆ. ಆ ಯುದ್ಧಕ್ಕೆ ಮುಂಚೆ, 1990ರ ಅಕ್ಟೋಬರ್‌ನಲ್ಲಿ, ಹದಿನೈದು ವರ್ಷದ ಒಬ್ಬ ಹುಡುಗಿ ವಾಷಿಂಗ್ಟನ್‌ನಲ್ಲಿ ಸಂಸದರ ಮುಂದೆ ಕೂತು, ಇರಾಕಿ ಸೈನಿಕರು ಕುವೈತ್ ಆಸ್ಪತ್ರೆಯಲ್ಲಿ ಎಳೆಗೂಸುಗಳನ್ನು ಇನ್‌ಕ್ಯುಬೇಟರ್‌ನಿಂದ ತೆಗೆದು ನೆಲದ ಮೇಲೆ ಬಿಟ್ಟಿದ್ದನ್ನು ಕಂಡೆ ಅಂತ ಅಳುತ್ತಾ ಹೇಳಿದಳು. ಅವಳು ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು ಅನ್ನುವುದು ಲೋಕಕ್ಕೆ ಗೊತ್ತಾಗಿದ್ದು 1992ರಲ್ಲಿ, ಯುದ್ಧ ಮುಗಿದ ಮೇಲೆ. ಇರಾಕ್ ಕುವೈತನ್ನು ಆಕ್ರಮಿಸಿದ್ದು ನಿಜ, ಕ್ರೌರ್ಯ ನಡೆದದ್ದೂ ನಿಜ. ಆದರೆ ಜನರ ಮನಸ್ಸಿನಲ್ಲಿ ನಿಂತದ್ದು ಆ ಕೂಸುಗಳ ಚಿತ್ರ.

ಮೊದಲು ಮಾಡಿ ನೋಡಿದ್ದು

ಉಪನ್ಯಾಸಕಿ ಮೊದಲು ಹಿಡಿದದ್ದು ನೇರ ದಾರಿ. ಇರಾಕ್ ಬಗ್ಗೆ ಒಂದು ಪೂರ್ತಿ ತರಗತಿ ತೆಗೆದುಕೊಂಡರು. ಸಾಕ್ಷಿಗಾಗಿ ಕಾಯುತ್ತಾ ಕೂತರೆ ಅದು ಅಣುಬಾಂಬಿನ ಅಣಬೆ ಮೋಡವಾಗಿ ಬಂದೀತು ಅಂತ ಅಮೆರಿಕದ ಅಧ್ಯಕ್ಷ ಬುಷ್ 2002ರ ಅಕ್ಟೋಬರ್‌ನಲ್ಲಿ ಭಾಷಣ ಮಾಡಿದ್ದು, 2003ರ ಫೆಬ್ರವರಿಯಲ್ಲಿ ವಿದೇಶಾಂಗ ಸಚಿವ ಕಾಲಿನ್ ಪಾವೆಲ್ ಭದ್ರತಾ ಮಂಡಳಿಯಲ್ಲಿ ಇರಾಕ್ ಹತ್ತಿರ ಸಾಮೂಹಿಕ ನಾಶದ ಅಸ್ತ್ರಗಳಿವೆ ಅಂತ ಪುಟ್ಟ ಸೀಸೆ ಎತ್ತಿ ತೋರಿಸಿದ್ದು, ಮಾರ್ಚ್‌ನಲ್ಲಿ ಯುದ್ಧ ಶುರುವಾಗಿದ್ದು, ಆಮೇಲೆ ಎಷ್ಟು ಹುಡುಕಿದರೂ ಆ ಅಸ್ತ್ರಗಳ ದಾಸ್ತಾನು ಸಿಗದೇ ಹೋದದ್ದು. ಮಕ್ಕಳು ಶ್ರದ್ಧೆಯಿಂದ ಬರೆದುಕೊಂಡರು. ಮುಂದಿನ ಸುತ್ತಿನಲ್ಲಿ ಪರ ಪಕ್ಷದ ಹುಡುಗನೊಬ್ಬ, ತುಂಬಾ ಚುರುಕು, ಎದ್ದು ನಿಂತು ಹೇಳಿದ: "ಆಯ್ತು ಮೇಡಂ, ಬಾಂಬ್ ಸಿಗಲಿಲ್ಲ. ಆದ್ರೆ ಪೊಲೀಸರಿಗೆ ಡೌಟ್ ಬಂದ್ರೆ ಮನೆ ಚೆಕ್ ಮಾಡಲ್ವಾ? ಸಿಗದಿದ್ರೆ ಅದು ಪೊಲೀಸರ ತಪ್ಪಾ?"

ಮೇಡಂ ಕೊಟ್ಟ ಅಂಕಿ, ತಾರೀಖು ಎಲ್ಲ ಹೋಗಿ ಆ ಪೊಲೀಸ್ ಚಿತ್ರದೊಳಗೇ ಸೇರಿಕೊಂಡಿದ್ದವು. ಚಿತ್ರ ಅಲುಗಾಡಲಿಲ್ಲ, ಇನ್ನೂ ಗಟ್ಟಿಯಾಯಿತು. ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ತಿಳಿದುಕೊಳ್ಳಬೇಕಾದ ಮೊದಲ ವಿಷಯ ಇದೇ. ಸತ್ಯ ಹೇಳಿದರೆ ಸಾಕು, ಕಟ್ಟಿದ ಚಿತ್ರ ತಾನಾಗಿ ಕಳಚಿ ಬೀಳುತ್ತದೆ ಅಂತ ನಾವು ಮೇಷ್ಟ್ರುಗಳು, ಪತ್ರಕರ್ತರು ನಂಬಿಕೊಂಡಿರುತ್ತೇವೆ. ಬೀಳಲ್ಲ.

ಎರಡನೆಯ ಪ್ರಯತ್ನ ಇದಕ್ಕೆ ತದ್ವಿರುದ್ಧ. ಹೋಲಿಕೆಗಳನ್ನೇ ನಿಷೇಧ ಮಾಡಿದರು. ಅಣ್ಣ ತಮ್ಮ ಬೇಡ, ಪೊಲೀಸ್ ಬೇಡ, ಪ್ರಾಣಿ ಪಕ್ಷಿ ಬೇಡ. ಮಕ್ಕಳ ಬಾಯಿ ಕಟ್ಟಿಹೋಯಿತು. ಮಾತು ಸರ್ಕಾರಿ ಸುತ್ತೋಲೆ ಥರ ಆಯಿತು. ಜೊತೆಗೆ ಅದು ನ್ಯಾಯವೂ ಆಗಿರಲಿಲ್ಲ. 1940ರ ಡಿಸೆಂಬರ್ 17ರಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಪತ್ರಕರ್ತರಿಗೆ ಹೇಳಿದ ಮಾತು ನೋಡಿ. ಪಕ್ಕದ ಮನೆಗೆ ಬೆಂಕಿ ಬಿದ್ದಿದೆ, ನನ್ನ ಹತ್ತಿರ ತೋಟಕ್ಕೆ ನೀರು ಬಿಡುವ ಪೈಪ್ ಇದೆ, ಇದಕ್ಕೆ 15 ಡಾಲರ್ ಆಗಿದೆ ಕೊಡು ಅಂತ ನಾನು ಕೇಳಲ್ಲ, ಬೆಂಕಿ ಆರಿದ ಮೇಲೆ ಪೈಪ್ ವಾಪಸ್ ಕೊಟ್ಟರೆ ಸಾಕು ಅಂದರು. ಮೂರು ತಿಂಗಳಿಗೆ ಶಸ್ತ್ರವನ್ನು ಎರವಲು ಕೊಡುವ ಲೆಂಡ್ ಲೀಸ್ ಕಾಯ್ದೆ ಪಾಸಾಯಿತು, ಹಿಟ್ಲರ್ ವಿರುದ್ಧ ಒಂಟಿಯಾಗಿ ನಿಂತಿದ್ದ ಬ್ರಿಟನ್‌ಗೆ ಶಸ್ತ್ರ ಹೋಯಿತು. ಅದೂ ಹೋಲಿಕೆಯೇ, ಅದೂ ವಿದೇಶಾಂಗ ನೀತಿಯನ್ನು ಜನರ ಗಂಟಲಲ್ಲಿ ಇಳಿಸಲು ಮಾಡಿದ್ದೇ. ಹಾಗಂತ ಅದು ಮೋಸವಾ? ವಿರೋಧ ಪಕ್ಷದ ಹುಡುಗಿಯೊಬ್ಬಳು ಇದನ್ನೇ ಕೇಳಿದಳು. ಆವತ್ತು ಉತ್ತರ ಸಿಗಲಿಲ್ಲ, ಆದರೆ ನಿಷೇಧವನ್ನು ಉಪನ್ಯಾಸಕಿ ಅಲ್ಲಿಗೇ ಕೈಬಿಟ್ಟರು. ಹಿಡಿದದ್ದೇ ಸರಿ ಅಂತ ಅವರು ಹಟ ಮಾಡಲಿಲ್ಲ, ಅದು ದೊಡ್ಡ ವಿಷಯ.

ಆನೆಯ ಮಾತು

ತಿರುವು ಬಂದದ್ದು ಯಾರೂ ಯೋಚಿಸದ ಕಡೆಯಿಂದ. ಅದೇ ಚುರುಕು ಹುಡುಗ, ತೋಟದ ಮನೆಯವನು, ಒಂದು ದಿನ ವಾದ ಹೂಡಿದ. ತೋಟಕ್ಕೆ ಆನೆ ನುಗ್ಗಿದರೆ ಕೂತು ಮಾತುಕತೆ ಮಾಡ್ತೀವಾ? ಪಟಾಕಿ ಹೊಡೀತೀವಿ, ಅರಣ್ಯ ಇಲಾಖೆಯವರನ್ನು ಕರೀತೀವಿ, ಓಡಿಸ್ತೀವಿ. ಭಯೋತ್ಪಾದಕರು ಇರುವ ದೇಶಕ್ಕೆ ಸೈನ್ಯ ಹೋಗೋದೂ ಅಷ್ಟೇ. ಕೊಡಗಿನಲ್ಲಿ ಈ ಮಾತಿಗೆ ಎದುರಾಡುವುದು ಕಷ್ಟ. ತರಗತಿ ಒಪ್ಪಿ ತಲೆ ಆಡಿಸಿತು.

ಹಿಂದಿನ ಬೆಂಚಿನಲ್ಲಿ ಲೈನ್ ಮನೆಯ ಹುಡುಗಿಯೊಬ್ಬಳಿದ್ದಳು. ತಂಡದಲ್ಲಿ ಅವಳಿರಲಿಲ್ಲ, ಸುಮ್ನೆ ಕೇಳಲು ಕೂರುತ್ತಿದ್ದಳು. ಅವಳು ಕೂತಲ್ಲಿಂದಲೇ ಅಂದಳು: "ನಿಮ್ಮ ತೋಟದಿಂದ ಓಡಿಸಿದ ಆನೆ ಎಲ್ಲಿಗೆ ಹೋಗುತ್ತೆ? ಪಕ್ಕದ ತೋಟಕ್ಕೆ. ಬೆಳಿಗ್ಗೆ ಆರೂವರೆಗೆ ಅಲ್ಲಿ ಕೆಲಸಕ್ಕೆ ನಡ್ಕೊಂಡು ಹೋಗೋದು ನಮ್ಮಮ್ಮ. ರಾತ್ರಿ ಆನೆ ಓಡಿಸಿದೀವಿ ಅಂತ ಲೈನಿಗೆ ಯಾರೂ ಹೇಳಿ ಕಳಿಸಲ್ಲ."

ಕೊಡಗಿನಲ್ಲಿ ಆನೆ ದಾಳಿಗೆ ಸಿಕ್ಕುವವರಲ್ಲಿ ತೋಟಕ್ಕೆ ನಡೆದು ಹೋಗುವ ಕೂಲಿ ಕಾರ್ಮಿಕರು ಎಷ್ಟು ಜನ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಹುಡುಗ ಏನೂ ಹೇಳಲಿಲ್ಲ. ಅವನು ಒಳ್ಳೆಯ ಹುಡುಗ, ತೋಟದ ಕಷ್ಟ ಅವನದ್ದೂ ನಿಜ.

ಉಪನ್ಯಾಸಕಿ ಇಲ್ಲಿ ಒಂದು ನಿರ್ಧಾರ ತೆಗೆದುಕೊಂಡರು. ಇಬ್ಬರಲ್ಲಿ ಯಾರು ಸರಿ ಅಂತ ತೀರ್ಪು ಕೊಡಲಿಲ್ಲ. ಆನೆಯ ಚಿತ್ರ ತಪ್ಪು ಅಂತಲೂ ಹೇಳಲಿಲ್ಲ. ಬೋರ್ಡಿನ ಮೇಲೆ ಬರೆದದ್ದು ಒಂದೇ ಪ್ರಶ್ನೆ: ಈ ಚಿತ್ರದಲ್ಲಿ ಬಾಯಿ ಇಲ್ಲದವರು ಯಾರು? ಆನೆಗೆ ಬಾಯಿಲ್ಲ. ಲೈನ್ ಮನೆಯವರು ಚಿತ್ರದಲ್ಲೇ ಇಲ್ಲ. ಅಲ್ಲಿಂದ ಮುಂದೆ ತಂಡದ ಕೆಲಸವೇ ಬದಲಾಯಿತು. ಚಿತ್ರವನ್ನು ಒಡೆಯುವುದು ಬೇಡ, ಅದರ ಜೊತೆ ಕೊನೆಯವರೆಗೂ ನಡೆದು ನೋಡೋಣ. ಅದು ಯಾರಿಗೆ ಮಾತಾಡಲು ಬಿಡುತ್ತದೆ, ಮುಂದೆ ಏನು ಮಾಡು ಅನ್ನುತ್ತದೆ, ನಿಜವಾಗಿ ಆಗಿದ್ದೇನು.

ಹಳೆಯ ಚಿತ್ರಗಳ ಜೊತೆ ನಡೆದಾಗ

ಜಾಸ್ತಿ ಹೊತ್ತು ಕೂತದ್ದು ಒಂದು ವ್ಯಂಗ್ಯಚಿತ್ರದ ಮುಂದೆ. 1899ರ ಜನವರಿ 25ರಂದು ಅಮೆರಿಕದ ಪಕ್ ಅನ್ನುವ ಹಾಸ್ಯ ಪತ್ರಿಕೆಯಲ್ಲಿ ಲೂಯಿಸ್ ಡಾಲ್‌ರಿಂಪಲ್ ಬರೆದದ್ದು. ಒಂದು ತರಗತಿ. ಮೇಜಿನ ಹಿಂದೆ ಬೆತ್ತ ಹಿಡಿದ ಮೇಷ್ಟ್ರು, ಅಂಕಲ್ ಸ್ಯಾಮ್, ಅಂದರೆ ಅಮೆರಿಕವೇ. ಎದುರಿನ ಬೆಂಚಿನಲ್ಲಿ ಮುಖ ಗಂಟಿಕ್ಕಿಕೊಂಡ ನಾಲ್ಕು ಕಪ್ಪು ಮಕ್ಕಳು: ಫಿಲಿಪ್ಪೀನ್ಸ್, ಹವಾಯಿ, ಪೋರ್ಟೊರಿಕೊ, ಕ್ಯೂಬಾ. ಹಿಂದೆ ಜಾಣ ಬಿಳಿ ಮಕ್ಕಳು ಪುಸ್ತಕ ಹಿಡಿದು ಕೂತಿದ್ದಾರೆ. ಮೂಲೆಯಲ್ಲಿ ಒಬ್ಬ ಮೂಲನಿವಾಸಿ ಹುಡುಗ ಪುಸ್ತಕವನ್ನು ತಲೆಕೆಳಗೆ ಹಿಡಿದಿದ್ದಾನೆ, ಒಬ್ಬ ಕಪ್ಪು ಹುಡುಗ ಕಿಟಕಿ ಒರೆಸುತ್ತಿದ್ದಾನೆ, ಚೀನಾದ ಹುಡುಗ ಬಾಗಿಲ ಹೊರಗೆ ನಿಂತಿದ್ದಾನೆ. ಬೋರ್ಡಿನ ಮೇಲೆ ಬರೆದಿರುವುದರ ತಾತ್ಪರ್ಯ ಇಷ್ಟು: ಆಳಿಸಿಕೊಳ್ಳುವವರ ಒಪ್ಪಿಗೆ ಅನ್ನುವುದು ಹೇಳಲು ಚೆಂದ, ನಿಜದಲ್ಲಿ ಅಪರೂಪ, ಇಂಗ್ಲೆಂಡ್ ತನ್ನ ವಸಾಹತುಗಳನ್ನು ಒಪ್ಪಿಗೆಗೆ ಕಾಯದೆ ಆಳಿತು, ಅದರಿಂದ ನಾಗರಿಕತೆ ಮುಂದೆ ಹೋಯಿತು, ಅಮೆರಿಕವೂ ಹಾಗೇ ಆಳಬೇಕು.

ಮಕ್ಕಳು ಫೋನನ್ನು ದೊಡ್ಡದು ಮಾಡಿಕೊಂಡು ಒಂದೊಂದೇ ಮೂಲೆ ನೋಡಿದರು. ಮೇಷ್ಟ್ರು ಅಂದ ಮೇಲೆ ಅವರನ್ನು ಯಾಕೆ ಬಂದಿರಿ ಅಂತ ಯಾರೂ ಕೇಳಲ್ಲ, ಬೆತ್ತ ಯಾಕೆ ಅಂತಲೂ ಕೇಳಲ್ಲ. ಫಿಲಿಪ್ಪೀನ್ಸ್‌ನವರು 1898ರಲ್ಲೇ ಸ್ಪೇನ್‌ನಿಂದ ಸ್ವಾತಂತ್ರ್ಯ ಘೋಷಿಸಿಕೊಂಡಿದ್ದರು, ಅವರಿಗೆ ನಾಯಕರಿದ್ದರು, ಸೈನ್ಯವಿತ್ತು. ಚಿತ್ರದಲ್ಲಿ ಅವರು ಹಟಮಾರಿ ಮಗು. ಪತ್ರಿಕೆ ಬಂದು ಹತ್ತು ದಿನಕ್ಕೆ ಅವರಿಗೂ ಅಮೆರಿಕಕ್ಕೂ ಯುದ್ಧ ಶುರುವಾಯಿತು. 1902ರ ವೇಳೆಗೆ 4,200ಕ್ಕೂ ಹೆಚ್ಚು ಅಮೆರಿಕನ್ನರು, 20,000ಕ್ಕೂ ಹೆಚ್ಚು ಫಿಲಿಪಿನೋ ಹೋರಾಟಗಾರರು ಸತ್ತಿದ್ದರು, ಹಿಂಸೆ, ಹಸಿವು, ರೋಗ ಸೇರಿ ಸತ್ತ ಸಾಮಾನ್ಯ ಜನರ ಸಂಖ್ಯೆ 2 ಲಕ್ಷದವರೆಗೆ ಇರಬಹುದು ಅನ್ನುತ್ತಾರೆ. ತರಗತಿಯಲ್ಲಿ ಇಷ್ಟು ಹೆಣ ಬೀಳಲ್ಲ, ಅಲ್ವಾ. ಆದರೆ ಮೇಷ್ಟ್ರ ಚಿತ್ರ ಹಾಗೇ ಉಳಿಯಿತು, ದೇಶ ದೇಶ ಸುತ್ತಿತು. 1979ರಲ್ಲಿ ಚೀನಾ ವಿಯೆಟ್ನಾಂ ಮೇಲೆ ನುಗ್ಗಿದಾಗ ಡೆಂಗ್ ಶಿಯೋಪಿಂಗ್ ಕೂಡ ಪಾಠ ಕಲಿಸುವ ಮಾತನ್ನೇ ಆಡಿದರು. ಇವತ್ತು ನಮ್ಮ ಟಿವಿಯ ತಕ್ಕ ಪಾಠವೂ ಅದೇ ತರಗತಿಯದ್ದು.

ಪೊಲೀಸ್ ಚಿತ್ರಕ್ಕೆ ತಿಮ್ಮಯ್ಯನವರೇ ದಾರಿ ತೋರಿಸಿದರು ಅನ್ನಬಹುದು. 1950ರ ಜೂನ್ 29ರಂದು ಅಮೆರಿಕದ ಅಧ್ಯಕ್ಷ ಟ್ರೂಮನ್ ಕೊರಿಯಾ ಬಗ್ಗೆ ಪತ್ರಕರ್ತರಿಗೆ ನಾವು ಯುದ್ಧದಲ್ಲಿಲ್ಲ ಅಂದರು. ಹಾಗಾದರೆ ಇದನ್ನು ವಿಶ್ವಸಂಸ್ಥೆಯ ಪೊಲೀಸ್ ಕಾರ್ಯಾಚರಣೆ ಅನ್ನಬಹುದಾ ಅಂತ ಒಬ್ಬ ಕೇಳಿದಾಗ, ಹೌದು, ಅದು ಅಷ್ಟೇ ಅಂದರು. ಮರುದಿನವೇ ನೆಲಸೇನೆ ಇಳಿಸಲು ಒಪ್ಪಿಗೆ ಕೊಟ್ಟರು. ಅಮೆರಿಕದ ಸಂವಿಧಾನದ ಪ್ರಕಾರ ಯುದ್ಧ ಘೋಷಿಸುವ ಅಧಿಕಾರ ಇರುವುದು ಕಾಂಗ್ರೆಸ್ಸಿಗೆ. ಪೊಲೀಸರಿಗೆ ಘೋಷಣೆ ಯಾಕೆ ಬೇಕು? ಮತಕ್ಕೆ ಹಾಕಲೇ ಇಲ್ಲ. ಮೂರು ವರ್ಷ ನಡೆಯಿತು, 36,000ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು, ಲೆಕ್ಕವಿಲ್ಲದಷ್ಟು ಕೊರಿಯನ್ನರು, ಚೀನೀಯರು ಸತ್ತರು. ಕೊನೆಗೆ ತಿಮ್ಮಯ್ಯನವರ ಆಯೋಗದ ಮುಂದೆ ಊರಿಗೆ ಹೋಗಲ್ಲ ಅಂತ ನಿಂತ ಚೀನಾ, ಉತ್ತರ ಕೊರಿಯಾ ಕಡೆಯ ಕೈದಿಗಳೇ 22,000ಕ್ಕೂ ಹೆಚ್ಚು, ಎದುರು ಪಕ್ಷದ ಕಡೆಯವರು ಮುನ್ನೂರ ಚಿಲ್ಲರೆ. ಇದನ್ನು ಓದುವಾಗ ಪರ ಪಕ್ಷದ ಹುಡುಗಿಯೊಬ್ಬಳು ತಲೆಯೆತ್ತಿ ಕೇಳಿದಳು: "ಪೊಲೀಸ್ ಕೆಲಸದಲ್ಲಿ ಇಷ್ಟೊಂದು ಯುದ್ಧ ಕೈದಿಗಳು ಎಲ್ಲಿಂದ ಬಂದ್ರು ಮೇಡಂ?"

ಆ ಪ್ರಶ್ನೆ ಕೇಳಿದ್ದು ಪರ ಪಕ್ಷದವಳು ಅನ್ನುವುದನ್ನು ನಾನು ಒತ್ತಿ ಹೇಳುತ್ತೇನೆ. ಎದುರಾಳಿ ಕೇಳಿದ್ದರೆ ಅದಕ್ಕೊಂದು ಉತ್ತರ ಹೊಸೆದಿರುತ್ತಿದ್ದರು. ಹಿಂದೆಯೇ ಇನ್ನೊಬ್ಬ ಹೈದರಾಬಾದ್ ನೆನಪಿಸಿದ. 1948ರ ಸೆಪ್ಟೆಂಬರ್‌ನಲ್ಲಿ ನಿಜಾಮನ ರಾಜ್ಯಕ್ಕೆ ನಮ್ಮ ಸೈನ್ಯ ಟ್ಯಾಂಕ್ ಸಮೇತ ಹೋದದ್ದನ್ನು ನಾವೂ ಇವತ್ತಿಗೂ ಪೊಲೀಸ್ ಕಾರ್ಯಾಚರಣೆ ಅಂತಲೇ ಕರೆಯುತ್ತೇವೆ. ರಜಾಕಾರರ ಹಿಂಸೆ ನಿಜ, ಕಲ್ಯಾಣ ಕರ್ನಾಟಕದ ಜನ ಬಿಡುಗಡೆಗೆ ಕಾದಿದ್ದೂ ನಿಜ. ಎರಡೂ ಪ್ರಕರಣ ಒಂದೇ ಅಲ್ಲ. ಆದರೆ ಒಂದೇ ಚಿತ್ರ ಎರಡಕ್ಕೂ ಹೊಂದುತ್ತದೆ ಅಂದರೆ, ಆ ಚಿತ್ರದಿಂದ ಯಾವುದೂ ರುಜುವಾತಾಗಲ್ಲ ಅಂತ ತಾನೇ?

ಡಾಮಿನೋ ಚಿತ್ರ ಬೇಗ ಮುಗಿಯಿತು. ಸಾಲಾಗಿ ನಿಲ್ಲಿಸಿದ ಬಿಲ್ಲೆಗಳಲ್ಲಿ ಮೊದಲನೆಯದು ಬಿದ್ದರೆ ಕೊನೆಯದೂ ಬಿದ್ದೇ ಬೀಳುತ್ತದೆ ಅಂತ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಹೇಳಿದ್ದು 1954ರ ಏಪ್ರಿಲ್ 7ರಂದು, ಇಂಡೋಚೀನಾ ಬಗ್ಗೆ. ವಿಯೆಟ್ನಾಂನಲ್ಲಿ 58,000ಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. 1975ರಲ್ಲಿ ಸೈಗಾನ್ ಕಮ್ಯುನಿಸ್ಟರ ಕೈಗೆ ಬಿತ್ತು, ಲಾವೋಸ್, ಕಾಂಬೋಡಿಯಾ ಕೂಡ ಬಿದ್ದವು. ಥಾಯ್ಲೆಂಡ್ ಬೀಳಲಿಲ್ಲ, ಮಲೇಷ್ಯಾ ಬೀಳಲಿಲ್ಲ. ನಾಲ್ಕು ವರ್ಷದೊಳಗೆ ಬಿದ್ದ ಬಿಲ್ಲೆಗಳೇ ಒಂದರ ಮೇಲೊಂದು ಯುದ್ಧಕ್ಕೆ ಹೋದವು, ವಿಯೆಟ್ನಾಂ ಕಾಂಬೋಡಿಯಾ ಮೇಲೆ, ಚೀನಾ ವಿಯೆಟ್ನಾಂ ಮೇಲೆ. ಬಿಲ್ಲೆಗೆ ಸ್ವಂತ ಇತಿಹಾಸ, ಸ್ವಂತ ಸಿಟ್ಟು ಇರುತ್ತದೆ ಅಂತ ಆ ಚಿತ್ರ ಹೇಳುವುದೇ ಇಲ್ಲ.

ಹಿಂದೆ ಉತ್ತರ ಸಿಗದೆ ಉಳಿದಿದ್ದ ರೂಸ್‌ವೆಲ್ಟ್ ಪೈಪಿನ ಪ್ರಶ್ನೆಗೂ ಇಲ್ಲೇ ಒಂದು ದಾರಿ ಸಿಕ್ಕಿತು. ಪಕ್ಕದ ಮನೆಯವನಿಗೆ ಅಲ್ಲಿ ಬಾಯಿ ಇದೆ. ಬ್ರಿಟನ್ ಪ್ರಧಾನಿ ಚರ್ಚಿಲ್ 1940ರ ಅದೇ ಡಿಸೆಂಬರ್‌ನಲ್ಲಿ ರೂಸ್‌ವೆಲ್ಟ್‌ಗೆ ಉದ್ದದ ಪತ್ರ ಬರೆದು ನೆರವು ಕೇಳಿದ್ದರು. ಪೈಪ್ ಯಾವಾಗ ಬೇಕು, ಯಾವಾಗ ಸಾಕು ಅಂತ ಮನೆಯವನು ಹೇಳಬಹುದು. ಬೆತ್ತದ ಮುಂದಿನ ಮಗುವಿಗೆ ಆ ಅವಕಾಶ ಇಲ್ಲ. ಮಕ್ಕಳು ಕೈಯಲ್ಲಿ ಹಿಡಿದು ಅಳೆಯಬಹುದಾದ ವ್ಯತ್ಯಾಸ ಇದು.

ಆಮೇಲೆ ವಿರೋಧ ಪಕ್ಷದ ಸರದಿ. ಅವರ ಆಕ್ಟೋಪಸ್ ಚಿತ್ರಕ್ಕೂ ಅದೇ ಪ್ರಶ್ನೆ ಹಾಕಿದಾಗ ಅವರಿಗೆ ಸಿಟ್ಟು ಬಂತು. ಎಂಟು ಕೈಗಳ ನಡುವೆ ಸಿಕ್ಕ ದೇಶಗಳೂ ಅಲ್ಲಿ ಬಾಯಿಲ್ಲದವೇ. ತಮ್ಮ ಸರ್ಕಾರದ ಮೇಲಿನ ಸಿಟ್ಟಿಗೆ ಹೊರಗಿನವರನ್ನು ಕರೆದವರು, ಡಾಲರ್ ತಿಂದ ಅಲ್ಲಿನ ದೊಡ್ಡ ಮನುಷ್ಯರು, ಎದುರು ನಿಂತವರು, ಯಾರೂ ಕಾಣಲ್ಲ. ಅಮೆರಿಕವನ್ನು ಬೈಯುವ ಚಿತ್ರದಲ್ಲೂ ಮನುಷ್ಯ ಅಂತ ಇರುವುದು ಅಮೆರಿಕ ಒಂದೇ.

1834ರ ಕಾಗದ

ಎಲ್ಲಕ್ಕಿಂತ ಬಿಸಿಯಾದದ್ದು ಊರಿನದ್ದೇ ಪುಟ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ತೆಗೆದುಕೊಂಡಾಗ ಹೊರಡಿಸಿದ ಘೋಷಣೆಯನ್ನು ಒಬ್ಬ ವಿದ್ಯಾರ್ಥಿ ಲೈಬ್ರರಿಯಿಂದ ತಂದ. ಯುದ್ಧಕ್ಕೆ ಮುಂಚಿನ ಪ್ರಕಟಣೆಯಲ್ಲಿ ಕೊಡಗಿನ ಅರಸ ಚಿಕ್ಕವೀರರಾಜೇಂದ್ರ ಕ್ರೂರಿ, ಪ್ರಜೆಗಳನ್ನು ಹಿಂಸಿಸಿದವನು, ಕಂಪನಿಯ ಸ್ನೇಹಕ್ಕೆ ಯೋಗ್ಯನಲ್ಲ ಅಂತ ಇತ್ತು. ಮೇ ತಿಂಗಳ ಘೋಷಣೆಯಲ್ಲಿ, ಬ್ರಿಟಿಷ್ ಸರ್ಕಾರದ ರಕ್ಷಣೆಗೆ ಬರಬೇಕೆಂಬುದು ಕೊಡಗಿನ ನಿವಾಸಿಗಳ ಒಮ್ಮತದ ಇಚ್ಛೆ, ಆದ್ದರಿಂದ ರಾಜ್ಯವನ್ನು ಕಂಪನಿಗೆ ಸೇರಿಸಲಾಗಿದೆ ಅಂತ.

ವಿಲನ್ ಇದ್ದಾನೆ, ನೊಂದವರಿದ್ದಾರೆ, ಕಾಪಾಡುವವರು ಬಂದಿದ್ದಾರೆ. ಫಿಲಿಪ್ಪೀನ್ಸ್ ತರಗತಿಯ ಬೋರ್ಡು ಒಪ್ಪಿಗೆ ಬೇಡ ಅಂದರೆ, ಈ ಕಾಗದ ಒಪ್ಪಿಗೆ ಇದ್ದೇ ಇದೆ ಅನ್ನುತ್ತದೆ. ಕೇಳುವ ಕೆಲಸ ಎರಡರಲ್ಲೂ ಉಳಿಯಲಿಲ್ಲ. ಮೂರೇ ವರ್ಷಕ್ಕೆ, 1837ರಲ್ಲಿ, ಸುಳ್ಯ ಕಡೆಯಿಂದ ದಂಗೆ ಎದ್ದಿತು. ದಂಗೆಯ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯ ಕೋಟೆಯಲ್ಲಿ ನೇಣಿಗೆ ಹಾಕಿದರು. ಒಮ್ಮತ ಅಂದವರು ಯಾರನ್ನು ಕೇಳಿ ಅಂದರು?

ಇಷ್ಟಾಗುವಾಗ ತರಗತಿ ಎರಡಾಗಿತ್ತು. ಒಂದು ಕಡೆ, ಅರಸನ ಕಾಟ ನಮ್ಮ ಹಿರಿಯರಿಗೇ ಗೊತ್ತು, ಬ್ರಿಟಿಷರು ಬಂದ ಮೇಲೇ ರಸ್ತೆ, ಶಾಲೆ ಆಯಿತು ಅನ್ನುವವರು. ಇನ್ನೊಂದು ಕಡೆ, ದಂಗೆಯಲ್ಲಿ ನಮ್ಮವರು ಸತ್ತಾಗ ಯಾರ ಹಿರಿಯರು ಯಾರ ಜೊತೆ ನಿಂತಿದ್ದರು ಹೇಳಿ ಅನ್ನುವವರು. ಮನೆತನದ ಹೆಸರುಗಳು ಬಾಯಿಗೆ ಬರುವುದೊಂದೇ ಬಾಕಿ. ಉಪನ್ಯಾಸಕಿ ಆವತ್ತಿಗೆ ತರಗತಿ ನಿಲ್ಲಿಸಿದರು. ಮುಂದಿನ ಸಲ ಬಂದು ಒಂದು ನಿಯಮ ಹಾಕಿದರು: ಯಾರ ಹಿರಿಯರು ಏನು ಮಾಡಿದರು ಅನ್ನುವುದು ಈ ಕೋಣೆಯ ಪ್ರಶ್ನೆಯಲ್ಲ, ಕಾಗದ ಏನು ಹೇಳುತ್ತದೆ, ಯಾರ ಪರವಾಗಿ ಹೇಳುತ್ತದೆ ಅನ್ನುವುದಷ್ಟೇ ಪ್ರಶ್ನೆ. ಅರಸ ಕ್ರೂರಿಯಾಗಿದ್ದ ಅಂತ ಪೂರ್ತಿ ಒಪ್ಪಿಕೊಂಡರೂ, ಕಂಪನಿಗೆ ರಾಜ್ಯ ಸೇರಬೇಕು ಅನ್ನುವುದು ಅದರಿಂದ ಹುಟ್ಟಲ್ಲ. ಸದ್ದಾಂ ವಿಷಯದಲ್ಲೂ ಇದೇ ಮಾತು. ಈ ಒಂದು ವಾಕ್ಯವನ್ನು ಎರಡೂ ಪಕ್ಷದವರು ಬರೆದುಕೊಂಡರು. ಊರಿನ ಉದಾಹರಣೆ ತೆಗೆಯುವುದು ಅಪಾಯ, ಆದರೆ ಅದಿಲ್ಲದೆ ಇದು ಬೇರೆಯವರ ಕಥೆಯಾಗಿ ಉಳಿಯುತ್ತಿತ್ತು.

ಸುಬೇದಾರರು

ಒಬ್ಬ ವಿದ್ಯಾರ್ಥಿಯ ಅಜ್ಜ, ನಿವೃತ್ತ ಸುಬೇದಾರರು, ಕಾಲೇಜಿಗೆ ಬಂದು ಮಕ್ಕಳಿಗೆ ಸೈನ್ಯದ ವಿರುದ್ಧ ಹೇಳಿಕೊಡುತ್ತಿದ್ದೀರಾ ಅಂತ ಕೇಳಿದರು. ಕೋಪ ಇತ್ತು, ಆದರೆ ಮಾತು ಮರ್ಯಾದೆಯದ್ದು. ಆಡಳಿತದವರು ವಿಷಯ ಬಿಟ್ಟುಬಿಡಿ ಅಂದರು. ಉಪನ್ಯಾಸಕಿ ಬಿಡಲಿಲ್ಲ, ಅವರನ್ನೇ ತರಗತಿಗೆ ಕರೆದರು. "ಸರ್, ನೀವೇ ಬಂದು ಹೇಳಿ, ನಾವು ಕೇಳ್ತೀವಿ" ಅಂದರು.

ಅವರು ಶ್ರೀಲಂಕಾಕ್ಕೆ ಹೋಗಿದ್ದ ಭಾರತೀಯ ಶಾಂತಿಪಾಲನಾ ಪಡೆಯಲ್ಲಿದ್ದವರು. 1987ರ ಜುಲೈ 29ರ ಒಪ್ಪಂದಕ್ಕೆ ಸಹಿ ಹಾಕಿದ್ದು ರಾಜೀವ್ ಗಾಂಧಿ ಮತ್ತು ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ. ಹೊಡೆದಾಡುತ್ತಿದ್ದ ಎಲ್‌ಟಿಟಿಇ ಅದಕ್ಕೆ ಸಹಿ ಹಾಕಿದ ಪಕ್ಷವೇ ಅಲ್ಲ. ಅಕ್ಟೋಬರ್‌ನಲ್ಲಿ ಜಾಫ್ನಾದಲ್ಲಿ ಅದರ ವಿರುದ್ಧವೇ ಯುದ್ಧ ಶುರುವಾಯಿತು. 1990ರ ಮಾರ್ಚ್‌ನಲ್ಲಿ ವಾಪಸಾಗುವ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರು ಸತ್ತಿದ್ದರು. ಸುಬೇದಾರರು ಹೇಳಿದ್ದು ಇಷ್ಟು: "ಮೊದಮೊದಲು ಜನ ಹಾರ ಹಾಕಿದ್ರು ಮಕ್ಕಳೇ, ಆಮೇಲೆ ಅದೇ ಬೀದಿಯಲ್ಲಿ ನಮ್ಮನ್ನ ಕಂಡ್ರೆ ಬಾಗಿಲು ಹಾಕೋರು. ಇಬ್ಬರು ಜಗಳ ಆಡ್ತಿದಾರೆ, ಬಿಡಿಸಿ ಬನ್ನಿ ಅಂತ ಕಳಿಸಿದ್ರು. ಅಲ್ಲಿ ಹೋಗಿ ನೋಡಿದ್ರೆ ನಾವೇ ಜಗಳಕ್ಕೆ ಮೂರನೆಯವರು. ದೆಹಲಿಯಲ್ಲಿ ಬರೆದ ಚಿತ್ರ ದೆಹಲಿಯಲ್ಲೇ ಇತ್ತು, ಸತ್ತದ್ದು ನನ್ನ ಪ್ಲಟೂನಿನ ಹುಡುಗರು."

ತರಗತಿ ಮುಗಿದ ಮೇಲೂ ಮಕ್ಕಳು ಅವರನ್ನು ಬಿಡಲಿಲ್ಲ. ಬಾಯಿ ಇಲ್ಲದವರ ಪಟ್ಟಿಗೆ ಅವತ್ತು ಇನ್ನೊಬ್ಬರು ಸೇರಿದರು: ಚಿತ್ರವನ್ನು ನಂಬಿ ಬಂದೂಕು ಹಿಡಿದು ಹೋಗುವ ಸೈನಿಕ. ಸೈನ್ಯದ ಮನೆಗಳ ಮಕ್ಕಳಿಗೆ ಇದನ್ನು ಯಾವ ಉಪನ್ಯಾಸಕರೂ ಹೇಳಿ ಒಪ್ಪಿಸಲು ಆಗುತ್ತಿರಲಿಲ್ಲ, ನಾನಂತೂ ಹಾಗೇ ನಂಬಿದ್ದೇನೆ.

ಕೊನೆಗೆ ಆಗಿದ್ದು

ಸ್ಪರ್ಧೆಯಲ್ಲಿ ತಂಡ ಗೆಲ್ಲಲಿಲ್ಲ. ತೀರ್ಪುಗಾರರಲ್ಲಿ ಒಬ್ಬರು ವಿಷಯ ಚೆನ್ನಾಗಿದೆ, ಪಂಚ್ ಕಮ್ಮಿ ಅಂದರು. ಗೆದ್ದವರು ವಿಶ್ವದ ದೊಡ್ಡಣ್ಣನ ಮೇಲೆ ಚಪ್ಪಾಳೆ ಗಿಟ್ಟಿಸುವ ಭಾಷಣ ಮಾಡಿದ್ದರು. ಮಕ್ಕಳಿಗೆ ಬೇಜಾರಾಯಿತು, ಆಗಬೇಕಾದದ್ದೇ.

ಆ ಚುರುಕು ಹುಡುಗ ಕೊನೆಯವರೆಗೂ ಪರ ಪಕ್ಷದಲ್ಲೇ ನಿಂತ. ಆದರೆ ವಾದ ಬೇರೆಯಾಗಿತ್ತು. ಯಾರು ಕರೆದರು, ವಿಶ್ವಸಂಸ್ಥೆ ಒಪ್ಪಿದೆಯಾ, ಎಷ್ಟು ಕಾಲಕ್ಕೆ, ವಾಪಸ್ ಬಾ ಅಂತ ಹೇಳುವ ಅಧಿಕಾರ ಯಾರಿಗೆ, ಈ ನಾಲ್ಕಕ್ಕೂ ಉತ್ತರ ಇದ್ದರೆ ನರಮೇಧ ನಡೆದ 1994ರ ರುವಾಂಡಾದಂಥ ಕಡೆ ಸೈನ್ಯ ಹೋಗಲೇಬೇಕಿತ್ತು, ಹೋಗದಿದ್ದದ್ದೇ ಪಾಪ ಅಂದ. ಪೊಲೀಸ್ ಅನ್ನುವ ಮಾತೇ ತೆಗೆಯಲಿಲ್ಲ. ಉಪನ್ಯಾಸಕಿ ಇದನ್ನೇ ಗೆಲುವು ಅಂತ ಲೆಕ್ಕ ಹಾಕಿದರು. ನನಗೂ ಹಾಗೇ ಅನಿಸುತ್ತದೆ. ಮಕ್ಕಳನ್ನು ಯಾವುದೋ ಒಂದು ಪಕ್ಷಕ್ಕೆ ತಿರುಗಿಸುವುದು ಕೆಲಸ ಆಗಿರಲಿಲ್ಲ.

ಹಿಡಿಯದೇ ಹೋದದ್ದೂ ಇದೆ. ಗಡಿಯಲ್ಲಿ ಏನಾದರೂ ಆದ ದಿನ ಇದೇ ಮಕ್ಕಳ ವಾಟ್ಸ್ಯಾಪ್ ಸ್ಟೇಟಸ್‌ನಲ್ಲಿ ಹುಲಿ, ಸಿಂಹ, ತಕ್ಕ ಪಾಠ ಎಲ್ಲ ವಾಪಸ್ ಬರುತ್ತವೆ. ಸಿಟ್ಟು, ದುಃಖ ಇರುವಾಗ ಕೂತು ಪ್ರಶ್ನೆ ಹಾಕುವುದು ಯಾರಿಗೂ ಸುಲಭವಲ್ಲ. ಅದಕ್ಕೇ ಈ ಅಭ್ಯಾಸವನ್ನು ಸುದ್ದಿ ಇಲ್ಲದ ದಿನಗಳಲ್ಲೇ ಮಾಡಬೇಕು ಅನ್ನುವುದು ಉಪನ್ಯಾಸಕಿಯ ಅಭಿಪ್ರಾಯ.

ಈಗಿನ ತಂಡಕ್ಕೆ ಅವರು ಕ್ರಮ ಬದಲಿಸಿದ್ದಾರೆ. ಇರಾಕ್ ಮೊದಲ ದಿನ ಬರುವುದಿಲ್ಲ. ಪ್ರತಿಯೊಬ್ಬರೂ ತಮಗೆ ತುಂಬಾ ಇಷ್ಟವಾದ, ತಮ್ಮ ಪಕ್ಷಕ್ಕೆ ಅನುಕೂಲವಾದ ಚಿತ್ರವನ್ನೇ ಮೊದಲು ತರಬೇಕು, ಅದರಲ್ಲಿ ಬಾಯಿ ಇಲ್ಲದವರನ್ನು ತಾವೇ ಹುಡುಕಬೇಕು, ಎದುರಾಳಿಯ ಚಿತ್ರಕ್ಕೆ ಕೈಹಾಕುವುದು ಆಮೇಲೆ. ಲೈನ್ ಮನೆಯ ಆ ಹುಡುಗಿ ಈಗ ತಂಡದಲ್ಲಿದ್ದಾಳೆ, ಪರ ಪಕ್ಷಕ್ಕೆ.